ಹಳೆಯ ನಾಡದೋಣಿ: ದುರಸ್ತಿಯೋ, ಮಾರ್ಪಾಡೋ?

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ರಾಜ್ಯದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಟ್ರಾಲರ್ ಮತ್ತು ಪರ್ಸಿನ್ ದೋಣಿಗಳು ಬಂದರಿನಲ್ಲಿ ವಿಶ್ರಮಿಸುವ ಈ ಅವಧಿಯೇ ನಾಡದೋಣಿಗಳ ದುಡಿಮೆಯ ಕಾಲ. ಮಾರುಕಟ್ಟೆಯಲ್ಲಿ ಮೀನಿಗೆ ಒಳ್ಳೆಯ ಬೆಲೆಯಿರುವ ದಿನಗಳೂ ಇವೇ. ಆದುದರಿಂದ ಮಳೆಗಾಲಕ್ಕೆ ಮುನ್ನ ದಡಕ್ಕೆಳೆದ ದೋಣಿಯ ಮುಂದೆ ನಿಂತ ಮಾಲೀಕನಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಹಳೆಯ ಮರದ ದೋಣಿಯನ್ನು ಇದ್ದಂತೆಯೇ ದುರಸ್ತಿ ಮಾಡಿಸಬೇಕೇ, ಕಾಲಕ್ಕೆ ತಕ್ಕಂತೆ ಮಾರ್ಪಡಿಸಬೇಕೇ, ಅಥವಾ ಅದನ್ನು ಬಿಟ್ಟು ಫೈಬರ್ ದೋಣಿ ಕೊಳ್ಳಬೇಕೇ?

ಇದು ಕೇವಲ ಖರ್ಚಿನ ಲೆಕ್ಕಾಚಾರದ ವಿಷಯವಲ್ಲ. ತಪ್ಪಾಗಿ ಮಾರ್ಪಡಿಸಿದ ದೋಣಿ ಅಳಿವೆಯಲ್ಲಿ ಮಗುಚಿದರೆ ಹೋಗುವುದು ಜೀವ. ದೋಣಿಯನ್ನು ರೂಪಿಸಿದ ತತ್ತ್ವಗಳನ್ನು ಅರಿತರೆ ಮಾತ್ರ ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುತ್ತದೆ.

ಆಕಾರದ ಹಿಂದಿನ ಕಾರಣ

ಸುಮಾರು 320 ಕಿ.ಮೀ. ಉದ್ದದ ಕರ್ನಾಟಕ ಕರಾವಳಿಯಲ್ಲಿ ಸಾಂಪ್ರದಾಯಿಕ ದೋಣಿಗಳು ಹಲವು ಬಗೆಯವು. ಮಾವಿನಂತಹ ಮರದ ದಿಮ್ಮಿಯನ್ನು ಕೊರೆದು ಮಾಡಿದವು, ಪಕ್ಕದಲ್ಲಿ ಸಮತೋಲನದ ಮರ ಕಟ್ಟಿದ ಉತ್ತರ ಕನ್ನಡದ ಪಾತಿ ದೋಣಿಗಳು, ಹೆಬ್ಬಲಸಿನಂತಹ ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದವು ಇವುಗಳಲ್ಲಿ ಮುಖ್ಯವಾದವು. ಹುಟ್ಟು ಮತ್ತು ಹಾಯಿಯಿಂದ ನಡೆಯಬೇಕಾದ, ಬಂದರಿಲ್ಲದ ಮರಳ ದಂಡೆಗೆ ಅಲೆಯ ಮೇಲೆಯೇ ಬಂದು ತಗುಲಬೇಕಾದ ದೋಣಿಗಳಿವು. ಹೊಲಿದ ಹಲಗೆಗಳು ತುಸು ಬಾಗುವುದರಿಂದ ನೆಲಕ್ಕೆ ತಗುಲಿದ ಪೆಟ್ಟನ್ನು ತಾಳಿಕೊಳ್ಳುತ್ತವೆ. ಮೊಳೆ ಹೊಡೆದು ಬಿಗಿದ ದೋಣಿಯಲ್ಲಿ ಅದೇ ಪೆಟ್ಟು ಮೊಳೆಯ ಸುತ್ತಲಿನ ಮರವನ್ನು ಸೀಳಬಹುದು.

ಇಂತಹ ಅನೇಕ ದೋಣಿಗಳ ಎರಡೂ ತುದಿ ಚೂಪಾಗಿರುತ್ತವೆ. ಇದು ಅಲಂಕಾರಕ್ಕಲ್ಲ. ದಡಕ್ಕೆ ಮರಳುವಾಗ ಹಿಂದಿನಿಂದ ಬರುವ ಅಲೆಯನ್ನು ಚೂಪಾದ ಹಿಂಬದಿಯು ಇಬ್ಭಾಗ ಮಾಡುತ್ತದೆ. ಹಿಂಬದಿ ಚಪ್ಪಟೆಯಾಗಿದ್ದರೆ ಅಲೆಯು ಅದನ್ನು ಒಮ್ಮೆಲೇ ಎತ್ತಿ ತಳ್ಳುತ್ತದೆ. ಆಗ ದೋಣಿಯು ಅಡ್ಡ ತಿರುಗಿ, ಮುಂದಿನ ಅಲೆಗೆ ಮಗುಚುವ ಅಪಾಯವಿರುತ್ತದೆ.

ಎಂಜಿನ್ ಬಂದಾಗ ಬದಲಾದದ್ದು

1970ರ ದಶಕದಲ್ಲಿ ಪರ್ಸಿನ್ ಬಲೆ ಬಂದು ರಂಪಣಿ ಹಿಂದೆ ಸರಿಯಿತು. ಮುಂದಿನ ದಶಕಗಳಲ್ಲಿ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಅಳವಡಿಸುವುದು ರೂಢಿಯಾಯಿತು. ಹುಟ್ಟು ಹಾಕುವ ಶ್ರಮ ತಪ್ಪಿ, ದೂರದ ಮೀನು ಕೈಗೆಟುಕಿತು. ಆದರೆ ದೋಣಿಯಲ್ಲಿ ಒಂದನ್ನು ಬದಲಿಸಿದರೆ ಅದು ಬೇರೆಲ್ಲವನ್ನೂ ಬದಲಿಸುತ್ತದೆ.

ಸುಮಾರು 10 ಅಶ್ವಶಕ್ತಿಯ ಎಂಜಿನ್ 40 ಕೆ.ಜಿ.ಯಷ್ಟು ತೂಗುತ್ತದೆ. ಅದರ ಜೊತೆಗೆ ಇಂಧನದ ಕ್ಯಾನುಗಳು ಹಾಗೂ ಎಂಜಿನ್ ನಡೆಸುವಾತ, ಇಷ್ಟೂ ಭಾರ ದೋಣಿಯ ಒಂದೇ ತುದಿಗೆ ಬೀಳುತ್ತದೆ. ಹಿಂಬದಿ ತಗ್ಗಿ, ನೀರಿನ ಮಟ್ಟದಿಂದ ದೋಣಿಯ ಅಂಚಿಗಿರುವ ಎತ್ತರ ಕಡಿಮೆಯಾಗುತ್ತದೆ. ಎಂಜಿನ್ ಕೂರಿಸಲು ಚೂಪಾದ ಹಿಂಬದಿಯನ್ನು ಕತ್ತರಿಸಿ ಚಪ್ಪಟೆ ಹಲಗೆ ಜೋಡಿಸಿದರೆ, ಅಲೆಯನ್ನು ಸೀಳುವ ಗುಣವೇ ಹೋಗುತ್ತದೆ. ಹೊಲಿಗೆಯ ದೋಣಿಯಲ್ಲಿ ಎಂಜಿನ್ನಿನ ಕಂಪನವು ನಾರಿನ ಕಟ್ಟುಗಳನ್ನು ಸಡಿಲಿಸುತ್ತದೆ.

ದೊಡ್ಡ ಎಂಜಿನ್ ಹಾಕಿದರೆ ವೇಗ ಅದೇ ಪ್ರಮಾಣದಲ್ಲಿ ಹೆಚ್ಚುವುದೆಂಬ ನಂಬಿಕೆಯೂ ಸರಿಯಲ್ಲ. ನೀರನ್ನು ಸರಿಸಿಕೊಂಡು ಸಾಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಆ ಮಿತಿ ಸ್ಥೂಲವಾಗಿ ದೊರೆಯುತ್ತದೆ. 25 ಅಡಿಯ ದೋಣಿಗೆ ಇದು 6.7 ನಾಟ್, ಅಂದರೆ ಗಂಟೆಗೆ ಸುಮಾರು 12 ಕಿ.ಮೀ. ತೀರಾ ಕಿರಿದಾದ ದೋಣಿಗಳು ಇದನ್ನು ತುಸು ಮೀರಬಹುದು. ಉಳಿದಂತೆ ಈ ಮಿತಿಯ ಬಳಿ ಎಂಜಿನ್ನಿನ ಹೆಚ್ಚುವರಿ ಶಕ್ತಿಯೆಲ್ಲ ದೊಡ್ಡ ಅಲೆಯೆಬ್ಬಿಸುವುದರಲ್ಲಿಯೇ ವ್ಯಯವಾಗುತ್ತದೆ. ಖರ್ಚಾಗುವುದು ಇಂಧನ, ಸವೆಯುವುದು ದೋಣಿ.

ಮರದ ಆರೋಗ್ಯ ತಪಾಸಣೆ

ನಿರ್ಧಾರಕ್ಕೆ ಮುನ್ನ ದೋಣಿಯನ್ನು ಕನಿಷ್ಠ ಕೆಲವು ವಾರ ಒಣಗಲು ಬಿಟ್ಟು ಪರೀಕ್ಷಿಸಬೇಕು. ಬಣ್ಣ ಮಾಸಿರುವುದು ಅಥವಾ ಹಲಗೆಯೊಂದು ಒಡೆದಿರುವುದು ದೊಡ್ಡ ದೋಷವಲ್ಲ. ನೋಡಬೇಕಾದದ್ದು ತಳದ ಉದ್ದ ಮರವನ್ನು ಮತ್ತು ಒಳಗಿನ ಪಕ್ಕೆಲುಬುಗಳನ್ನು.

ಮರ ಕೊರೆಯುವ ಹಡಗುಹುಳು ನಿಜವಾಗಿ ಹುಳುವಲ್ಲ, ಚಿಪ್ಪುಮೀನಿನ ಸಂಬಂಧಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರದಿಂದ ಒಳಹೊಕ್ಕು, ಮರದೊಳಗೇ ಬೆಳೆಯುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಹಲಗೆ ಒಳಗೆ ಪೊಳ್ಳಾಗಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಮರ ಖಣಿಲೆನ್ನುತ್ತದೆ, ಪೊಳ್ಳು ಮರದ ಸದ್ದು ಮಂಕಾಗಿರುತ್ತದೆ. ಈ ಜೀವಿಗಳಲ್ಲಿ ಬಹುತೇಕವು ಸಿಹಿನೀರಿನಲ್ಲಿ ಬಹುಕಾಲ ಬದುಕಲಾರವು.

ಕೊಳೆತದ ಸ್ವಭಾವ ಬೇರೆ. ಅದಕ್ಕೆ ಕಾರಣ ಕಡಲ ನೀರಿಗಿಂತ ಹೆಚ್ಚಾಗಿ ಮಳೆಯ ನೀರು. ದೋಣಿಯೊಳಗೆ ನಿಂತ ಸಿಹಿನೀರು ಹಲಗೆಗಳ ಸಂದಿನಲ್ಲಿ, ಪಕ್ಕೆಲುಬುಗಳ ಬುಡದಲ್ಲಿ ಶಿಲೀಂಧ್ರಕ್ಕೆ ಆಶ್ರಯ ನೀಡುತ್ತದೆ. ಚೂಪಾದ ಉಳಿ ಸುಲಭವಾಗಿ ಇಳಿದರೆ ಅಲ್ಲಿ ಮರ ಸತ್ತಿದೆ ಎಂದರ್ಥ. ಕಬ್ಬಿಣದ ಮೊಳೆಗಳ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದ್ದರೆ ಮೊಳೆ ಬದಲಿಸುವುದಷ್ಟೇ ಸಾಲದು, ಆ ಭಾಗದ ಮರವನ್ನೂ ಬದಲಿಸಬೇಕಾಗುತ್ತದೆ.

ತಳದ ಮರ ಗಟ್ಟಿಯಾಗಿದ್ದು ಹಾನಿ ಕೆಲವೇ ಹಲಗೆಗಳಿಗೆ ಸೀಮಿತವಾಗಿದ್ದರೆ ದುರಸ್ತಿ ಸಾರ್ಥಕ. ತಳದ ಮರವೇ ಹೋಗಿದ್ದರೆ ದುರಸ್ತಿಯ ಹೆಸರಿನಲ್ಲಿ ಹೊಸ ದೋಣಿಯನ್ನೇ ಕಟ್ಟಿದಂತಾಗುತ್ತದೆ. ದೊಡ್ಡ ಮರ ಮತ್ತು ನುರಿತ ಬಡಗಿ ಎರಡೂ ಅಪರೂಪವಾಗಿರುವ ಇಂದು ಆ ದಾರಿ ಅತ್ಯಂತ ದುಬಾರಿ.

ಫೈಬರ್ ಹೊದಿಕೆಯ ಆಕರ್ಷಣೆ

ಹಳೆಯ ದೋಣಿಗೆ ಫೈಬರ್‌ಗ್ಲಾಸ್ ಹೊದಿಸಿದರೆ ಸೋರಿಕೆಯೂ ಹುಳುವೂ ಇಲ್ಲವಾಗುವುದೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ರಾಸಾಯನಿಕದಿಂದ ಸಂಸ್ಕರಿಸಿದ ರಬ್ಬರ್ ಮರದ ದೋಣಿಗಳಿಗೆ ಇಂತಹ ಹೊದಿಕೆಯನ್ನು ಪ್ರಯೋಗಿಸಿದೆ. ಆದರೆ ಅಲ್ಲಿ ಬಳಸಿದ್ದು ಒಣಗಿಸಿ ಸಂಸ್ಕರಿಸಿದ ಹೊಸ ಮರ ಎಂಬುದನ್ನು ಗಮನಿಸಬೇಕು.

ಹಳೆಯ ದೋಣಿಯ ಸ್ಥಿತಿ ಬೇರೆಯೇ. ವರ್ಷಗಟ್ಟಲೆ ಮೀನೆಣ್ಣೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿದ ಮರಕ್ಕೆ ರೆಸಿನ್ ಸರಿಯಾಗಿ ಅಂಟುವುದಿಲ್ಲ. ಮರವನ್ನು ಇಷ್ಟು ಕಾಲ ಕಾಪಾಡಿದ ಎಣ್ಣೆಯೇ ಹೊಸ ರಕ್ಷಣೆಗೆ ಅಡ್ಡಿಯಾಗುತ್ತದೆ. ಮೇಲಾಗಿ, ಮರದ ತೇವಾಂಶ ಶೇ. 15ಕ್ಕಿಂತ ಹೆಚ್ಚಿರುವಾಗ ಹೊದಿಸಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಹಲಗೆಗಳು ಹಿಗ್ಗಿ ಕುಗ್ಗಿದಂತೆ ಹೊದಿಕೆ ಬಿರಿಯುತ್ತದೆ, ಕೊಳೆತ ಕಣ್ಣಿಗೆ ಕಾಣದಂತೆ ಮುಂದುವರಿಯುತ್ತದೆ. ಸೋರುವ ದೋಣಿ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಹೊದಿಕೆಯೊಳಗೆ ಕೊಳೆತ ದೋಣಿ ಅದನ್ನೂ ಕೊಡುವುದಿಲ್ಲ.

ಪೂರ್ಣ ಫೈಬರ್ ದೋಣಿಯ ಮಾತು ಬೇರೆ. ಅದು ಹಗುರ, ಹುಳುವಿನ ಕಾಟವಿಲ್ಲ, ಎಂಜಿನ್ನಿಗೆಂದೇ ರೂಪಿಸಿದ ಆಕಾರ ಅದಕ್ಕಿರುತ್ತದೆ. ಅದರ ಕೊರತೆ ಕಾಣುವುದು ಕೊನೆಯಲ್ಲಿ. ಕರಗಿಸಿ ಮರುಬಳಸಲಾಗದ ಆ ವಸ್ತು ದಡದ ಕಸವಾಗಿ ಉಳಿಯುತ್ತದೆ.

ಕಾನೂನಿನ ಲೆಕ್ಕ

ಮಳೆಗಾಲದ ನಿಷೇಧದಿಂದ ವಿನಾಯಿತಿ ಇರುವುದು ಎಂಜಿನ್ ಇಲ್ಲದ ಹಾಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ಸಾಂಪ್ರದಾಯಿಕ ದೋಣಿಗಳಿಗೆ ಮಾತ್ರ. ಅದಕ್ಕಿಂತ ದೊಡ್ಡ ಎಂಜಿನ್ ಹಾಕಿದ ಮಾಲೀಕ ವೇಗದ ಆಸೆಗೆ ಆ ಎರಡು ತಿಂಗಳ ದುಡಿಮೆಯ ಹಕ್ಕನ್ನೇ ಕಳೆದುಕೊಳ್ಳಬಹುದು. ಆದುದರಿಂದ ದೋಣಿಯ ಉದ್ದ ಅಥವಾ ಎಂಜಿನ್ ಬದಲಿಸುವ ಮುನ್ನವೇ ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಮತ್ತು ಪರವಾನಗಿಯ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯು ಸಾಂಪ್ರದಾಯಿಕ ಮೀನುಗಾರರಿಗೆ ಬದಲಿ ದೋಣಿ ಮತ್ತು ಬಲೆ ಒದಗಿಸುವ ಅಂಶವನ್ನು ಒಳಗೊಂಡಿತು. ನೆರವಿನ ಪ್ರಮಾಣ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪಂಗಡ ಹಾಗೂ ಮಹಿಳೆಯರಿಗೆ ಶೇ. 60. ಇಂತಹ ನೆರವು ದೊರೆಯುವುದಾದರೆ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಬೇಕು. ಆದರೆ ಗಟ್ಟಿಮುಟ್ಟಾದ ದೋಣಿಯನ್ನು ಸಬ್ಸಿಡಿಗಾಗಿಯೇ ಕೈಬಿಡುವುದು ಲಾಭವಲ್ಲ.

ನಿರ್ಧಾರದ ಕ್ರಮ

ಮೊದಲು ಕೇಳಿಕೊಳ್ಳಬೇಕಾದದ್ದು, ಈ ದೋಣಿ ಇನ್ನು ಮುಂದೆ ಏನು ಮಾಡಬೇಕು ಎಂಬುದನ್ನು. ಹೊಳೆಯಲ್ಲಿ, ದಡದ ಸಮೀಪದಲ್ಲಿ ಬಲೆ ಬಿಡಲು ಹಳೆಯ ಆಕಾರವೇ ಯೋಗ್ಯ. ಅಲ್ಲಿ ದುರಸ್ತಿ ಸಾಕು. ಸಣ್ಣ ಎಂಜಿನ್ ಅಗತ್ಯವಿದ್ದರೆ ಹಿಂಬದಿಯನ್ನು ಕತ್ತರಿಸದೆ, ಪಕ್ಕಕ್ಕೆ ಬಿಗಿಯುವ ಚೌಕಟ್ಟಿನ ಮೇಲೆ ಕೂರಿಸಿ ನೋಡುವುದು ಲೇಸು. ಬೇಡವೆನಿಸಿದರೆ ಬಿಚ್ಚಿ ತೆಗೆಯಬಹುದಾದ ಮಾರ್ಪಾಡಿನಿಂದ ಹೆಚ್ಚಿನ ನಷ್ಟವಿಲ್ಲ. ಕತ್ತರಿಸಿದ ಮರವನ್ನು ಮತ್ತೆ ಮೊದಲಿನಂತೆ ಜೋಡಿಸಲಾಗದು.

ಯಾವುದೇ ಮಾರ್ಪಾಡಿನ ಬಳಿಕ ಶಾಂತವಾದ ಹೊಳೆಯಲ್ಲಿ ಪೂರ್ಣ ಭಾರ ಹೇರಿ, ಜೀವರಕ್ಷಕ ಜಾಕೆಟ್ ತೊಟ್ಟು ಪರೀಕ್ಷಿಸಬೇಕು. ದೋಣಿಯನ್ನು ಪಕ್ಕಕ್ಕೆ ತೂಗಿಸಿದಾಗ ಅದು ಮೊದಲಿಗಿಂತ ನಿಧಾನವಾಗಿ ಹೊರಳತೊಡಗಿದರೆ ಹಿತವೆನಿಸಬಹುದು. ವಾಸ್ತವದಲ್ಲಿ ಅದು ಸ್ಥಿರತೆ ಕುಂದಿರುವ ಲಕ್ಷಣ.

ದೂರದ ಕಡಲು, ದೊಡ್ಡ ಎಂಜಿನ್, ಹೆಚ್ಚು ಬಲೆ ಇವೇ ಗುರಿಯಾಗಿದ್ದರೆ ಅದಕ್ಕೆಂದೇ ಕಟ್ಟಿದ ಬೇರೆ ದೋಣಿ ಬೇಕು. ಹುಟ್ಟಿಗಾಗಿ ಹುಟ್ಟಿದ ದೋಣಿಯ ಮೇಲೆ ಆ ಹೊರೆ ಹೊರಿಸುವುದು ದೋಣಿಗೂ ಅದರಲ್ಲಿ ಕುಳಿತವರಿಗೂ ಕ್ಷೇಮವಲ್ಲ.