ಉಮ್ರಾ ಪಯಣ: ಕಾಲಿಗೆ ಎಷ್ಟು ಗಂಟೆ?

ಬೆಂಗಳೂರಿನಿಂದ ಜಿದ್ದಾ ಸುಮಾರು 4,200 ಕಿಲೋಮೀಟರ್. ನೇರ ವಿಮಾನವಾದರೆ 6 ಗಂಟೆಯ ಆಸುಪಾಸು. ತೆಲಿಗಿಯಿಂದ ಉಮ್ರಾಕ್ಕೆ ಹೊರಡುವ ಹಿರಿಯರ ಲೆಕ್ಕ ಬೇರೆ. ಬೆಂಗಳೂರಿನವರೆಗೆ ರಸ್ತೆಯಲ್ಲಿ ಆರೇಳು ಗಂಟೆ, ವಿಮಾನ ನಿಲ್ದಾಣದಲ್ಲಿ ಕಾಯುವುದು ಮೂರ್ನಾಲ್ಕು ಗಂಟೆ, ಆಮೇಲೆ ವಿಮಾನ. ಒಟ್ಟು 15 ಗಂಟೆ ಕಾಲು ಇಳಿಬಿಟ್ಟೇ ಕೂತಂತಾಯಿತು.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರನ್ನೇ ಬಿಡುವವರಿದ್ದಾರೆ, ನಮ್ಮ ಹೆಣ್ಣುಮಕ್ಕಳಂತೂ ಇನ್ನೂ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ವಿಮಾನದೊಳಗಿನ ಗಾಳಿ ತೀರಾ ಒಣ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಇಹ್ರಾಮಿನಲ್ಲಿ ಗಂಡಸರು ಕಾಲುಚೀಲ ತೊಡುವಂತಿಲ್ಲ. ವೈದ್ಯರ ಸಲಹೆಯಂತೆ ಬಿಗಿ ಕಾಲುಚೀಲ ಹಾಕುವವರು ಆಲಿಮರನ್ನು ಮೊದಲೇ ಕೇಳಿಕೊಳ್ಳಲಿ.

ಇನ್ಸುಲಿನ್ ಕೈಚೀಲದಲ್ಲಿರಲಿ, ಜೊತೆಗೆ ವೈದ್ಯರ ಚೀಟಿ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಟ್ಟರೆ ಅದು ಹೆಪ್ಪುಗಟ್ಟಿ ಕೆಡಬಹುದು. ಸೌದಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಔಷಧಿಯ ಹೊತ್ತನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ.

ಇಳಿದ ಕೆಲ ದಿನಗಳಲ್ಲಿ ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಯುನಾನಿಯಲ್ಲಿ ಮಾಲೀಶು ಒಳ್ಳೆಯ ಚಿಕಿತ್ಸೆಯೇ, ಆದರೆ ಇಲ್ಲಿ ಅಲ್ಲ. ಅಂದೇ ಆಸ್ಪತ್ರೆಗೆ ಹೋಗಿ. ಎದೆನೋವು, ಏದುಸಿರು ಬಂದರೆ ಒಂದು ಗಳಿಗೆಯೂ ಕಾಯಬೇಡಿ.