ಹತ್ತನೆಯ ಇಯತ್ತೆಯ ಇಂಗ್ಲಿಷು ಪುಸ್ತಕ

ದೇವರಗುಡ್ಡದ ಸುತ್ತಣ ಹಳ್ಳಿಗಳಲ್ಲಿ, ಹಾಗೆಯೇ ರಾಣೆಬೆನ್ನೂರು ಬ್ಯಾಡಗಿಗಳ ಕಡೆಯ ಅನೇಕ ಮನೆಗಳಲ್ಲಿ, ಹತ್ತನೆಯ ಇಯತ್ತೆಯ ಮಗನಾಗಲಿ ಮಗಳಾಗಲಿ ಇಂಗ್ಲಿಷು ಪುಸ್ತಕವನ್ನು ತೆರೆದು ಕುಳಿತೊಡನೆ ಹಿರಿಯರು ಮೆಲ್ಲನೆ ಎದ್ದು ಹೋಗುವುದುಂಟು. ಲೆಕ್ಕವಾದರೆ ತಂದೆಯು ನಾಲ್ಕು ಮಾತು ಹೇಳಿಯಾನು, ಕನ್ನಡವಾದರೆ ಅಜ್ಜಿಯೂ ಬಾಯಿ ಹಾಕಿಯಾಳು. ಇಂಗ್ಲಿಷು ಮಾತ್ರ ನಮ್ಮ ಪಾಲಿನದಲ್ಲವೆಂಬ ಭಾವನೆ. ಆ ಪುಸ್ತಕದೊಳಗೆ ಏನಿದೆಯೆಂಬುದನ್ನು ಮನೆಯವರಿಗೆ ಅರಿಕೆ ಮಾಡಬೇಕೆಂದೇ ಇದನ್ನು ಬರೆಯುತ್ತಿದ್ದೇವೆ. ನಾವಾದರೋ ಸಂಸ್ಕೃತ ಓದಿದವರು, ಇಂಗ್ಲಿಷನ್ನು ಕಲಿಸಿದವರಲ್ಲ. ಆದರೂ ಪಕ್ಕದ ಕೊಠಡಿಯಿಂದ ಆ ಪಾಠವನ್ನು ಬಹುವರ್ಷ ಕೇಳಿದ್ದೇವೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷು ದ್ವಿತೀಯ ಭಾಷೆ. 80 ಅಂಕಗಳ ಲಿಖಿತ ಪರೀಕ್ಷೆ, ಶಾಲೆಯಲ್ಲಿಯೇ ಕೊಡತಕ್ಕ 20 ಅಂಕಗಳು. ಮೊದಲು ಐದನೆಯ ಇಯತ್ತೆಯಲ್ಲಿ ಆರಂಭವಾಗುತ್ತಿದ್ದ ಈ ಭಾಷೆಯು 2007ರಿಂದೀಚೆಗೆ ಒಂದನೆಯ ಇಯತ್ತೆಗೇ ಇಳಿದು ಬಂದಿದೆ. ಅಂದಮೇಲೆ ಹತ್ತು ವರ್ಷ ಕಲಿತ ಭಾಷೆಯಾಯಿತು. ಹೀಗಿದ್ದೂ ಪರೀಕ್ಷೆಯ ಹೆಸರೆತ್ತಿದರೆ ಮಕ್ಕಳ ಮುಖ ಬಾಡುವುದೇಕೆ?

ಪಾಠಗಳೇನೂ ದೂರದವಲ್ಲ. ಕೆಲವು ವರ್ಷಗಳಿಂದ ಮಕ್ಕಳು ಓದುತ್ತ ಬಂದಿರುವ ಪುಸ್ತಕದಲ್ಲಿ ಆರ್. ಕೆ. ನಾರಾಯಣರ ಸ್ವಾಮಿಯಿದ್ದಾನೆ. ಅಜ್ಜಿಯ ಪಕ್ಕದಲ್ಲಿ ಮಲಗುವ ಹುಡುಗನನ್ನು ತಂದೆಯು ಧೈರ್ಯ ಕಲಿಸುವೆನೆಂದು ಒಬ್ಬನನ್ನೇ ಕಚೇರಿಯ ಕೋಣೆಯಲ್ಲಿ ಮಲಗಿಸುತ್ತಾನೆ. ಭಯದಿಂದ ಹುಡುಗನು ಕಚ್ಚಿದ್ದು ಕಳ್ಳನ ಕಾಲನ್ನು. ಊರೆಲ್ಲ ಹೊಗಳಿದರೂ ಮರುದಿನ ಅವನು ಹಳೆಯ ಹಾಸಿಗೆಗೇ ಮರಳುತ್ತಾನೆ. ಈ ಕಥೆಗೆ ನಗದ ಅಜ್ಜಿಯು ನಮ್ಮ ಸೀಮೆಯಲ್ಲಿರಲಾರಳು.

ಇನ್ನೊಂದು ಕಥೆಯು ಅಮೆರಿಕೆಯ ನ್ಯೂ ಮೆಕ್ಸಿಕೊದ ರಿಯೊ ಎನ್ ಮೆದಿಯೊ ಎಂಬ ಹಳ್ಳಿಯದು. ಅಲ್ಲಿನ ಮುದುಕ ಡಾನ್ ಅನ್ಸೆಲ್ಮೊ ತನ್ನ ಹೊಲವನ್ನು ಮಾರುತ್ತಾನೆ. ಅಳತೆ ಮಾಡಿದಾಗ ಭೂಮಿ ಹೆಚ್ಚಾಗಿ ತೋರಿ, ಕೊಳ್ಳುವವರು ಹೆಚ್ಚು ಹಣ ಕೊಡಬಂದರೆ ಮುದುಕನು ಒಲ್ಲನು. ಒಪ್ಪಿದ ಮಾತು ಒಪ್ಪಿದ ಮಾತೇ. ಮುಂದೆ ತೋಟದಲ್ಲಿ ಊರಿನ ಮಕ್ಕಳು ಆಡುತ್ತಿರುವುದನ್ನು ಕಂಡು ಕೊಂಡವರು ಆಕ್ಷೇಪಿಸಲು, ತಾನು ಮಾರಿದ್ದು ಭೂಮಿಯನ್ನು, ಮರಗಳನ್ನಲ್ಲವೆಂದು ಅವನು ತಿಳಿಸುತ್ತಾನೆ. ಊರಲ್ಲಿ ಮಗುವೊಂದು ಹುಟ್ಟಿದಾಗಲೆಲ್ಲ ಅದರ ಹೆಸರಿನಲ್ಲಿ ಒಂದೊಂದು ಮರ ನೆಟ್ಟಿದ್ದನಂತೆ! ಕಡೆಗೆ ಮರಗಳನ್ನು ಒಂದೊಂದಾಗಿ ಅವುಗಳ ಒಡೆಯರಿಂದ ಕೊಳ್ಳಬೇಕಾಯಿತು. ಪಹಣಿ, ಸರ್ವೆ, ಹಿಸ್ಸೆ, ಬದುವಿನ ಜಗಳಗಳನ್ನು ಕಂಡುಂಡ ನಮ್ಮ ರೈತನು ಈ ಕಥೆಯ ಕುರಿತು ಮಾಸ್ತರರಿಗಿಂತ ಹೆಚ್ಚು ಹೇಳಬಲ್ಲನು. ಆದರೆ ಅವನನ್ನು ಕೇಳುವವರಾರು? ಮುದುಕನು ಮಾಡಿದ್ದು ನ್ಯಾಯವೋ, ಜಾಣತನವೋ, ಬರಿಯ ಹಳೆಯ ಮರ್ಯಾದೆಯೋ ಎಂಬ ಚರ್ಚೆಗೆ ಪರೀಕ್ಷೆಯ ಎರಡು ಅಂಕದ ಉತ್ತರದಲ್ಲಿ ಎಡೆಯಿಲ್ಲ.

ಅರ್ಥ ಬಿಡಿಸುವ ವಿದ್ಯೆಯಾದರೂ ಈ ಗುಡ್ಡದವರಿಗೆ ಹೊಸದೆ? ನವರಾತ್ರಿಯಲ್ಲಿ ಆಯುಧಪೂಜೆಯ ದಿನ ಮಾಲತೇಶನ ಸನ್ನಿಧಿಯಲ್ಲಿ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಜನಸ್ತೋಮವು ನಿಶ್ಶಬ್ದವಾದಾಗ, ಒಂದೇ ಒಂದು ವಾಕ್ಯದ ಕಾರಣಿಕವನ್ನು ನುಡಿಯುತ್ತಾನೆ. ಆ ನಾಲ್ಕಾರು ಶಬ್ದಗಳಿಂದ ಒಬ್ಬನು ಮಳೆಯನ್ನು ತೆಗೆಯುತ್ತಾನೆ, ಒಬ್ಬನು ಹತ್ತಿಯ ದರವನ್ನು, ಮತ್ತೊಬ್ಬನು ಬೆಂಗಳೂರಿನ ಗದ್ದುಗೆಯ ಭವಿಷ್ಯವನ್ನು. ವಾಚ್ಯಾರ್ಥ, ಲಕ್ಷ್ಯಾರ್ಥ, ವ್ಯಂಗ್ಯಾರ್ಥಗಳೆಂದು ನಮ್ಮ ಆಲಂಕಾರಿಕರು ವಿಂಗಡಿಸಿದ್ದೆಲ್ಲವೂ ಇಳಿಯುವ ಹಾದಿಯಲ್ಲಿಯೇ ಚರ್ಚಿತವಾಗುತ್ತದೆ. ಈ ಚರ್ಚೆಯನ್ನು ಬಾಲ್ಯದಿಂದ ಕೇಳಿ ಬೆಳೆದ ಹುಡುಗನು ಇಂಗ್ಲಿಷು ಪದ್ಯದ ಮುಂದೆ ಮೂಕನಾಗುವುದು ನಮಗೆ ಬಹಳ ಖೇದಕರವಾಗಿ ತೋರುತ್ತದೆ.

ಮೂಕನಾಗಿಸುವುದು ಬಹುಮಟ್ಟಿಗೆ ಗೈಡು. ಪ್ರಶ್ನೆಗೆ ಸಿದ್ಧವಾದ ಉತ್ತರ, ಉತ್ತರಕ್ಕೆ ಸಿದ್ಧವಾದ ಕಂಠಪಾಠ. ಕಂಠಪಾಠವನ್ನು ನಾವು ನಿಂದಿಸುವವರಲ್ಲ. ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಯೇ ನಾವು ಅನ್ನ ಉಂಡದ್ದು. ಪರೀಕ್ಷೆಯಲ್ಲಿ ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವ ಪ್ರಶ್ನೆಯೂ ಉಂಟು, ಅದು ಒಳ್ಳೆಯದೇ. ಷೇಕ್ಸ್‌ಪಿಯರನ ‘ವೆನಿಸ್ ವರ್ತಕ’ದಲ್ಲಿ ವಕೀಲನ ವೇಷ ತೊಟ್ಟ ಪೋರ್ಷಿಯಾ ದಯೆಯನ್ನು ಕುರಿತು ಆಡುವ ಮಾತುಗಳು ಹದಿನೈದರ ಹರೆಯದಲ್ಲಿ ನಾಲಿಗೆಗೆ ಹತ್ತಿದರೆ ಜೀವಮಾನವೆಲ್ಲ ಉಳಿದಾವು. ಆದರೆ ಸಾಲದವನ ಮೈಯಿಂದ ಮಾಂಸವನ್ನು ಕೊಯ್ಯಬಂದವನ ಎದುರು ಅವಳು ನಿಂತಿದ್ದಾಳೆಂಬುದನ್ನು ತಿಳಿಯದೆ ಉರುಹೊಡೆದರೆ ಏನು ಫಲ? ವೇದವನ್ನೋದಿ ಅರ್ಥವನ್ನರಿಯದವನನ್ನು ಯಾಸ್ಕನು ಭಾರ ಹೊತ್ತ ಕಂಬಕ್ಕೆ ಹೋಲಿಸಿದನು. ಇಂಗ್ಲಿಷು ಗೈಡಿನ ಭಾರವೂ ಕಡಿಮೆಯದಲ್ಲ.

ಅದೇ ಪುಸ್ತಕದಲ್ಲಿ ವಿ. ಕೃ. ಗೋಕಾಕರು ಭಾರತವನ್ನು ಕುರಿತು ಬರೆದ ಇಂಗ್ಲಿಷು ಪದ್ಯವಿದೆ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಈಗ ಅದು ನಮ್ಮ ಹಾವೇರಿ ಜಿಲ್ಲೆಯದೇ. ಧಾರವಾಡದಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋಗಿ ಬಂದು, ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದು ಕನ್ನಡದಲ್ಲಿ ‘ಭಾರತ ಸಿಂಧು ರಶ್ಮಿ’ಯನ್ನು ರಚಿಸಿದವರು. 1981ರಲ್ಲಿ ಅವರ ಅಧ್ಯಕ್ಷತೆಯ ಸಮಿತಿಯೇ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. (ಆ ವಿವಾದದ ನಡುವೆ ಸಿಕ್ಕಿಬಿದ್ದುದು ನಮ್ಮ ಸಂಸ್ಕೃತವೇ, ಅದರ ಪಂಚಾಯತಿ ಇಲ್ಲಿ ಬೇಡ.) ತಮ್ಮ ಸೀಮೆಯವನೇ ಈ ಪದ್ಯದ ಕವಿಯೆಂದು ಹೇಳಿದೊಡನೆ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂಡುವುದನ್ನು ನಾವು ಕಂಡಿದ್ದೇವೆ.

ವ್ಯಾಕರಣದ ವಿಷಯ ಹೆಚ್ಚು ಬೇಡ. ಕರ್ತರಿ ಕರ್ಮಣಿಗಳನ್ನು ಕನ್ನಡದಲ್ಲಿ ಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಅವು ಭೂತವಲ್ಲ.

ಇನ್ನುಳಿದುದು ಪತ್ರಲೇಖನ. ಊರಿಗೆ ಬಸ್ಸಿಲ್ಲವೆಂದೋ ಬೀದಿಯಲ್ಲಿ ದೀಪವಿಲ್ಲವೆಂದೋ ಅಧಿಕಾರಿಗಳಿಗೆ ಬರೆಯುವ ಅರ್ಜಿ. ಮಕ್ಕಳು ಇದನ್ನು ಕಾಣದ ಯಾವುದೋ ಊರಿನ ಹೆಸರಿನಲ್ಲಿ ಬರೆಯುತ್ತಾರೆ. ರಾತ್ರಿ ಊಟವಾದ ಮೇಲೆ ತಾಯಿಯು ನಮ್ಮ ಓಣಿಯ ನಲ್ಲಿಯ ಸಂಗತಿಯನ್ನೇ ಬರೆಯೆಂದು ಹೇಳಲಿ. ಬರೆದುದನ್ನು ಮಗಳು ಮೊದಲು ಇಂಗ್ಲಿಷಿನಲ್ಲಿ ಓದಲಿ, ಆಮೇಲೆ ಕನ್ನಡದಲ್ಲಿ ಹೇಳಲಿ. ನಲ್ಲಿಗೆ ನೀರು ಯಾವ ವಾರ ಬರಲಿಲ್ಲವೆಂಬ ಲೆಕ್ಕದಲ್ಲಿ ಅವಳು ತಪ್ಪಿದರೆ ತಾಯಿಯೇ ತಿದ್ದಬಲ್ಲಳು.