ಪರರ ವ್ಯಾಗನ್, ದಿನದ ಬಾಡಿಗೆ: ಅಮೆರಿಕದ ಉಗಿಯುಗದ ಸರಕು ಬಂಡಿಗಳೂ ಮಾದರಿ ರೈಲು ಉದ್ಯಮವೂ

1900ರ ಸುಮಾರಿಗೆ ನ್ಯೂಯಾರ್ಕ್ ನಗರದಲ್ಲಿ ಜೋಶುವಾ ಲಯೋನೆಲ್ ಕೋವೆನ್ ಎಂಬ ತರುಣನು ಅಂಗಡಿಗಳ ಪ್ರದರ್ಶನ ಕಿಟಕಿಗಾಗಿ ಒಂದು ವಸ್ತುವನ್ನು ತಯಾರಿಸಿದನು. ವೃತ್ತಾಕಾರದ ಹಳಿಯ ಮೇಲೆ ವಿದ್ಯುತ್ತಿನಿಂದ ತಾನಾಗಿಯೇ ಚಲಿಸುವ, ಮರದಿಂದ ಮಾಡಿದ ಪುಟ್ಟ ತೆರೆದ ಸರಕು ಬಂಡಿ ಅದು. ಅದರೊಳಗೆ ಮಾರಾಟದ ಸಾಮಾನನ್ನು ಇಟ್ಟರೆ ದಾರಿಹೋಕರ ಕಣ್ಣು ಅತ್ತ ಹರಿಯುತ್ತದೆ ಎಂಬುದು ಅವನ ಎಣಿಕೆಯಾಗಿತ್ತು. ಆದರೆ ಗಿರಾಕಿಗಳು ಒಳಗಿದ್ದ ಸಾಮಾನನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರೆಂಬುದು ಆ ಉದ್ಯಮದಲ್ಲಿ ಪ್ರಚಲಿತವಾಗಿರುವ ವೃತ್ತಾಂತ. ಲಯೋನೆಲ್ ಎಂಬ ಹೆಸರಾಂತ ಆಟಿಕೆ ರೈಲು ಕಂಪನಿಯು ಬೆಳೆದದ್ದು ಹೀಗೆ. ಎಂಜಿನ್ನಿಗಿಂತಲೂ ಮೊದಲು ಮಾರುಕಟ್ಟೆಯನ್ನು ಪ್ರವೇಶಿಸಿದ್ದು ಸರಕು ಬಂಡಿ ಎಂಬುದು ಇಲ್ಲಿ ಗಮನಾರ್ಹ.

ನಿಜವಾದ ರೈಲ್ವೆಯಲ್ಲಿಯೂ ಹಣ ಸಂಪಾದಿಸಿದ್ದು ಹೆಚ್ಚಾಗಿ ಸರಕು ಬಂಡಿಗಳೇ. ಉಗಿ ಎಂಜಿನ್ನುಗಳ ಬಗ್ಗೆ ಗ್ರಂಥಗಳು ಬಂದಷ್ಟು ಅವುಗಳ ಹಿಂದೆ ಸಾಗಿದ ವ್ಯಾಗನ್ನುಗಳ ಬಗ್ಗೆ ಬಂದಿಲ್ಲ. ಆದರೂ ವರ್ತಕರು ಮತ್ತು ಸಣ್ಣ ತಯಾರಕರು ಕಲಿಯಬೇಕಾದ ಪಾಠಗಳು ಇರುವುದು ಆ ವ್ಯಾಗನ್ನುಗಳ ಲೆಕ್ಕಪತ್ರದಲ್ಲಿಯೇ.

ಒಂದೇ ಅಳತೆಯ ಹಳಿ

ಅಮೆರಿಕದ ರೈಲ್ವೆಗಳು ನೂರಾರು ಖಾಸಗಿ ಕಂಪನಿಗಳಿಗೆ ಸೇರಿದ್ದವು. ಪ್ರತಿಯೊಂದು ಕಂಪನಿಗೂ ತನ್ನದೇ ಹಳಿ, ತನ್ನದೇ ಬಂಡಿ. ಉತ್ತರದ ಬಹುಭಾಗದಲ್ಲಿ ಹಳಿಗಳ ಅಂತರವು 4 ಅಡಿ 8½ ಅಂಗುಲವಾಗಿದ್ದರೆ ದಕ್ಷಿಣದಲ್ಲಿ 5 ಅಡಿ ಇತ್ತು. ಎರಡೂ ಸೇರುವಲ್ಲಿ ಸರಕನ್ನು ಇಳಿಸಿ ಮತ್ತೊಂದು ಬಂಡಿಗೆ ತುಂಬಬೇಕಾಗುತ್ತಿತ್ತು. ಇಲ್ಲವೇ ಬಂಡಿಯ ಚಕ್ರಗಳನ್ನು ಬದಲಾಯಿಸಬೇಕಾಗುತ್ತಿತ್ತು. ಕೂಲಿ, ಕಾಲಹರಣ, ಒಡಕು, ಕಳವು ಇವೆಲ್ಲವೂ ಸರಕಿನ ಬೆಲೆಯ ಮೇಲೆಯೇ ಬೀಳುತ್ತಿದ್ದವು. ಕೊನೆಗೆ 1886ರ ಮೇ 31 ಮತ್ತು ಜೂನ್ 1ರ ಎರಡೇ ದಿನಗಳಲ್ಲಿ ದಕ್ಷಿಣದ ಕಂಪನಿಗಳು 11 ಸಾವಿರ ಮೈಲಿಗೂ ಹೆಚ್ಚಿನ ಮಾರ್ಗದಲ್ಲಿ ಒಂದು ಬದಿಯ ಹಳಿಯನ್ನು ಒಳಕ್ಕೆ ಸರಿಸಿ, ಉತ್ತರದ ಅಳತೆಗೆ ಅರ್ಧ ಅಂಗುಲದಷ್ಟು ಸಮೀಪಕ್ಕೆ ತಂದವು.

ಮೀಟರ್ ಗೇಜ್ ಮತ್ತು ಬ್ರಾಡ್ ಗೇಜ್ ಸಂಧಿಸುತ್ತಿದ್ದ ನಿಲ್ದಾಣಗಳಲ್ಲಿ ಮೂಟೆಗಳನ್ನು ವ್ಯಾಗನ್ನಿನಿಂದ ವ್ಯಾಗನ್ನಿಗೆ ಹೊರಿಸಿದ ನೆನಪು ಕರ್ನಾಟಕದ ಹಿರಿಯ ವರ್ತಕರಿಗೆ ಇದ್ದೇ ಇದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಪರಿವರ್ತನೆಯು 1990ರ ದಶಕದಲ್ಲಿ ಮುಗಿದ ನಂತರವೇ ಅಲ್ಲಿ ಆ ತೊಂದರೆ ನೀಗಿತು.

ಜವಳಿ ಅಂಗಡಿಯ ಗುಮಾಸ್ತನ ಕೊಂಡಿ

ಹಳಿ ಒಂದಾದರೆ ಸಾಲದು, ಬಂಡಿಗಳ ಕೊಂಡಿಯೂ ಒಂದಾಗಬೇಕು. ಆರಂಭದಲ್ಲಿ ಬಳಕೆಯಲ್ಲಿದ್ದದ್ದು ಕಬ್ಬಿಣದ ಬಳೆ ಮತ್ತು ಗೂಟದ ವ್ಯವಸ್ಥೆ. ಎರಡು ಬಂಡಿಗಳು ಹತ್ತಿರ ಬರುವಾಗ ಕೆಲಸಗಾರನು ನಡುವೆ ನಿಂತು ಕೈಯಿಂದಲೇ ಬಳೆಯನ್ನು ಹೊಂದಿಸಿ ಗೂಟ ಹಾಕಬೇಕಾಗಿತ್ತು. ಬೆರಳು ಕಳೆದುಕೊಂಡವರಿಗೆ ಲೆಕ್ಕವಿರಲಿಲ್ಲ; ಪ್ರಾಣ ಕಳೆದುಕೊಂಡವರೂ ಅನೇಕರು.

ವರ್ಜೀನಿಯಾ ರಾಜ್ಯದ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಎಲೈ ಜಾನಿ ಎಂಬಾತನು, ಎರಡು ಕೈಗಳ ಬೆರಳುಗಳನ್ನು ಮಡಿಸಿ ಒಂದಕ್ಕೊಂದು ಸಿಕ್ಕಿಸಿದಂತೆ ತಾನಾಗಿಯೇ ಹಿಡಿದುಕೊಳ್ಳುವ ಕೊಂಡಿಯನ್ನು ರೂಪಿಸಿ 1873ರಲ್ಲಿ ಪೇಟೆಂಟ್ ಪಡೆದನು. ಆದರೆ ಅದು ಕೂಡಲೇ ಬಳಕೆಗೆ ಬರಲಿಲ್ಲ. ಒಬ್ಬನ ಪೇಟೆಂಟಿಗೆ ಎಲ್ಲ ಕಂಪನಿಗಳೂ ಕಟ್ಟುಬೀಳಲು ಒಪ್ಪಲಿಲ್ಲ. 1880ರ ದಶಕದ ಕೊನೆಯಲ್ಲಿ, ಕೊಂಡಿಗಳು ಪರಸ್ಪರ ಸೇರುವ ಮುಖದ ಆಕಾರದ ಮೇಲಿನ ಹಕ್ಕನ್ನು ಜಾನಿಯ ಪಕ್ಷವು ಬಿಟ್ಟುಕೊಟ್ಟಿತು. ಆ ಬಳಿಕವಷ್ಟೇ ಅದೇ ಆಕಾರವು ಎಲ್ಲರ ಮಾನಕವಾಗಲು ಸಾಧ್ಯವಾಯಿತು. ಯಾವ ಕಾರ್ಖಾನೆ ಬೇಕಾದರೂ ತನ್ನ ಒಳಯಂತ್ರವನ್ನು ತನ್ನ ರೀತಿಯಲ್ಲಿ ಮಾಡಬಹುದು, ಆದರೆ ಹೊರಮುಖ ಮಾತ್ರ ಒಂದೇ ಆಗಿರಬೇಕು ಎಂಬುದು ಅದರ ತಾತ್ಪರ್ಯ. 1893ರ ಸುರಕ್ಷತಾ ಕಾಯಿದೆಯು ಸ್ವಯಂಚಾಲಿತ ಕೊಂಡಿ ಮತ್ತು ಗಾಳಿ ಬ್ರೇಕುಗಳನ್ನು ಕಡ್ಡಾಯಗೊಳಿಸಿತು. 1900ರಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂದಿತು.

ಪರರ ಬಂಡಿಗೆ ದಿನದ ಬಾಡಿಗೆ

ಹಳಿಯೂ ಕೊಂಡಿಯೂ ಒಂದಾದ ಮೇಲೆ ಒಂದು ಕಂಪನಿಯ ಬಂಡಿಯು ಮತ್ತೊಂದರ ಹಳಿಯ ಮೇಲೆ ದೇಶದ ಉದ್ದಗಲಕ್ಕೂ ಓಡತೊಡಗಿತು. ಆಗ ಎದ್ದ ಪ್ರಶ್ನೆ ಶುದ್ಧ ಲೆಕ್ಕದ್ದು. ಪರರ ಆಸ್ತಿಯನ್ನು ಬಳಸಿದ್ದಕ್ಕೆ ಕೊಡಬೇಕಾದದ್ದೆಷ್ಟು?

ಮೊದಲಿದ್ದ ಪದ್ಧತಿಯಲ್ಲಿ ಬಂಡಿ ಓಡಿದ ಮೈಲಿಗೆ ಇಷ್ಟೆಂದು ಸೆಂಟಿನ ಒಂದಂಶವನ್ನು ಕೊಡಲಾಗುತ್ತಿತ್ತು. ನೋಟಕ್ಕೆ ಇದು ನ್ಯಾಯವೆನಿಸಿದರೂ ಇದರಲ್ಲಿ ದೊಡ್ಡ ಲೋಪವಿತ್ತು. ಓಡದೆ ನಿಂತ ಬಂಡಿಗೆ ಬಾಡಿಗೆಯೇ ಇರಲಿಲ್ಲ. ಆದ್ದರಿಂದ ಪರರ ಬಂಡಿಯನ್ನು ವಾರಗಟ್ಟಲೆ ಗೋದಾಮಿನಂತೆ ಬಳಸಿಕೊಳ್ಳುವುದು ಲಾಭದಾಯಕವಾಯಿತು. ಕೊಯ್ಲಿನ ಕಾಲದಲ್ಲಿ ಬಂಡಿಯ ಮಾಲೀಕರಿಗೇ ಬಂಡಿ ಸಿಗದಂತಾಯಿತು.

1902ರ ಜುಲೈ 1ರಿಂದ ಕಂಪನಿಗಳು ಮೈಲಿ ಲೆಕ್ಕವನ್ನು ಬಿಟ್ಟು ದಿನಬಾಡಿಗೆಯ ಪದ್ಧತಿಯನ್ನು ಅಂಗೀಕರಿಸಿದವು. ಪರರ ಬಂಡಿಯು ತನ್ನ ಹಳಿಯ ಮೇಲಿರುವಷ್ಟು ದಿನವೂ, ಓಡಲಿ ನಿಲ್ಲಲಿ, ದಿನವೊಂದಕ್ಕೆ 20 ಸೆಂಟ್ ಕೊಡಬೇಕು. ದರವನ್ನು ಮುಂದೆ ಹಲವು ಬಾರಿ ಏರಿಸಲಾಯಿತು. ಸರಕು ಇಳಿಸಿಕೊಳ್ಳುವ ಗ್ರಾಹಕನಿಗೂ ಇದೇ ನ್ಯಾಯ ಅನ್ವಯಿಸಿತು. ಸಾಮಾನ್ಯವಾಗಿ 48 ಗಂಟೆಗಳ ಬಿಡುವು, ಆಮೇಲೆ ದಿನಕ್ಕಿಷ್ಟೆಂದು ವಿಳಂಬ ಶುಲ್ಕ. ನಮ್ಮ ವರ್ತಕರಿಗೆ ಚಿರಪರಿಚಿತವಾದ ಡೆಮರೇಜ್ ಇದೇ. ಭಾರತದಲ್ಲಿಯೂ 1903ರಲ್ಲಿ ಆರಂಭವಾದ ಇಂಡಿಯನ್ ರೈಲ್ವೆ ಕಾನ್ಫರೆನ್ಸ್ ಅಸೋಸಿಯೇಷನ್, ರೈಲ್ವೆಗಳ ನಡುವಣ ವ್ಯಾಗನ್ ವಿನಿಮಯಕ್ಕೆ ನಿಯಮಗಳನ್ನು ರೂಪಿಸಿತು.

ಆದರೆ ಬಾಡಿಗೆಯೊಂದೇ ಎಲ್ಲವನ್ನೂ ಸರಿಪಡಿಸಲಾರದು ಎಂಬುದು ಮೊದಲನೆಯ ಮಹಾಯುದ್ಧದಲ್ಲಿ ತಿಳಿಯಿತು. ಯೂರೋಪಿಗೆ ಹೋಗಬೇಕಾದ ಸರಕು ತುಂಬಿದ ಬಂಡಿಗಳು ಪೂರ್ವ ತೀರದ ಬಂದರುಗಳಲ್ಲಿ ಇಳಿಸುವವರಿಲ್ಲದೆ ಸಾಲುಗಟ್ಟಿ ನಿಂತವು. ಪಶ್ಚಿಮದಲ್ಲಿ ತುಂಬಲು ಬಂಡಿಗಳಿಲ್ಲದಾದವು. 1917ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರವೇ ರೈಲ್ವೆಗಳ ಆಡಳಿತವನ್ನು ವಹಿಸಿಕೊಂಡಿತು. 1920ರ ಮಾರ್ಚ್ 1ರಂದು ಹಿಂತಿರುಗಿಸಿತು. ಆ ಅವಧಿಯಲ್ಲಿ ಕೆಲವೇ ಮಾನಕ ವಿನ್ಯಾಸಗಳ ಮೇಲೆ ಸುಮಾರು ಒಂದು ಲಕ್ಷ ಸರಕು ಬಂಡಿಗಳನ್ನು ಮಾಡಿಸಲಾಯಿತು.

ಕೆಲವು ಸರಕುಗಳಿಗೆ ವಿಶೇಷ ಬಂಡಿ ಬೇಕಾಗಿತ್ತು. ಚಿಕಾಗೋದ ಮಾಂಸದ ವ್ಯಾಪಾರಿ ಗಸ್ಟಾವಸ್ ಸ್ವಿಫ್ಟ್, ಜೀವಂತ ದನಗಳ ಬದಲು ಮಾಂಸವನ್ನೇ ಮಂಜುಗಡ್ಡೆಯ ಬಂಡಿಯಲ್ಲಿ ಕಳುಹಿಸಲು ಹೊರಟಾಗ, ದನ ಸಾಗಣೆಯಲ್ಲಿ ಬಂಡವಾಳ ತೊಡಗಿಸಿದ್ದ ರೈಲ್ವೆಗಳು ಉತ್ಸಾಹ ತೋರಲಿಲ್ಲ. ಅವನು ತನ್ನ ಬಂಡಿಗಳನ್ನು ತಾನೇ ಮಾಡಿಸಿ, ಕೆನಡಾದ ಮೂಲಕ ಸಾಗುವ ಮಾರ್ಗವನ್ನು ಹಿಡಿದನು. ಹಣ್ಣು ತರಕಾರಿಗಳಿಗಾಗಿ ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ಕಂಪನಿಗಳು 1906ರಲ್ಲಿ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು.

ಬಂಡಿಯ ಮೈಮೇಲಿನ ಖಾತೆ

ಉಗಿಯುಗದ ಬಂಡಿಯ ಪಕ್ಕೆಯೇ ಒಂದು ಖಾತೆಯ ಪುಟದಂತಿತ್ತು. ಮಾಲೀಕ ಕಂಪನಿಯ ಸಂಕೇತಾಕ್ಷರಗಳು, ಬಂಡಿಯ ಸಂಖ್ಯೆ, ಹೊರುವ ಸಾಮರ್ಥ್ಯ, ಖಾಲಿ ತೂಕ, ಕೊನೆಯ ಬಾರಿ ತೂಗಿದ ಸ್ಥಳ ಮತ್ತು ದಿನಾಂಕ ಎಲ್ಲವನ್ನೂ ಅಲ್ಲಿ ಬರೆಯಲಾಗುತ್ತಿತ್ತು. ಖಾಲಿ ತೂಕ ತಪ್ಪಾದರೆ ಸರಕಿನ ತೂಕವೂ ಸಾಗಣೆ ವೆಚ್ಚವೂ ತಪ್ಪಾಗುತ್ತಿದ್ದುದರಿಂದ ಬಂಡಿಗಳನ್ನು ನಿಯತಕಾಲಕ್ಕೆ ಮತ್ತೆ ತೂಗುವುದು ಅಗತ್ಯವಾಗಿತ್ತು. ಗಾಡಿಯೊಡನೆ ಹೋಗುವ ಕಂಡಕ್ಟರನು ಪ್ರತಿಯೊಂದು ಬಂಡಿಯ ಸಂಖ್ಯೆ, ಸರಕು, ಹತ್ತಿದ ಮತ್ತು ಇಳಿದ ಊರುಗಳನ್ನು ತನ್ನ ಪುಸ್ತಕದಲ್ಲಿ ನಮೂದಿಸುತ್ತಿದ್ದನು.

ಅಮೆರಿಕದ ಪ್ರಮುಖ ರೈಲ್ವೆಗಳಲ್ಲಿ ಉಗಿ ಎಂಜಿನ್ 1960ರ ಹೊತ್ತಿಗೆ ಮರೆಯಾಯಿತು. ಆದರೆ ಆ ಪುಸ್ತಕಗಳಲ್ಲಿ ಉಳಿದವುಗಳು ಇಂದು ಮಾದರಿ ರೈಲು ಹವ್ಯಾಸಿಗಳ ಕೈಯಲ್ಲಿ ಅಮೂಲ್ಯ ದಾಖಲೆಗಳಾಗಿವೆ. ಅವುಗಳನ್ನು ಪರಿಶೀಲಿಸಿದ ಸಂಶೋಧಕ ಹವ್ಯಾಸಿಗಳು ಒಂದು ಸ್ವಾರಸ್ಯದ ತರ್ಕವನ್ನು ಮುಂದಿಟ್ಟಿದ್ದಾರೆ. ಮುಖ್ಯ ಮಾರ್ಗವೊಂದರಲ್ಲಿ ಓಡುವ ಪರಕಂಪನಿಗಳ ಮುಚ್ಚಿದ ಬಂಡಿಗಳು, ಸರಿಸುಮಾರಾಗಿ, ಇಡೀ ದೇಶದ ಬಂಡಿಗಳಲ್ಲಿ ಆಯಾ ಕಂಪನಿಯ ಪಾಲು ಎಷ್ಟೋ ಅಷ್ಟೇ ಪ್ರಮಾಣದಲ್ಲಿ ಕಾಣಸಿಗುತ್ತವೆ ಎಂಬುದೇ ಅದು. ಮುಚ್ಚಿದ ಬಂಡಿಯನ್ನು ಯಾರು ಬೇಕಾದರೂ ಯಾವ ಊರಿಗೆ ಬೇಕಾದರೂ ತುಂಬಬಹುದಾಗಿದ್ದುದೇ ಇದಕ್ಕೆ ಕಾರಣ. ಗಣಿಗೂ ಕಾರ್ಖಾನೆಗೂ ನಡುವೆ ಓಡಾಡುವ ಕಲ್ಲಿದ್ದಲಿನ ಬಂಡಿಗಳಿಗೆ ಈ ತರ್ಕ ಅನ್ವಯಿಸುವುದಿಲ್ಲ. ಹವ್ಯಾಸಿಯು ತನ್ನ ಮನೆಯ ರೈಲಿಗೆ ಯಾವ ಕಂಪನಿಯ ಎಷ್ಟು ಬಂಡಿ ಕೊಳ್ಳಬೇಕೆಂಬುದನ್ನು ಇಂಥ ಲೆಕ್ಕದಿಂದ ತೀರ್ಮಾನಿಸುತ್ತಾನೆ. ಪ್ರತಿ ಬಂಡಿಗೂ ಒಂದು ಚೀಟಿ, ಪ್ರತಿ ಸರಕಿಗೂ ಒಂದು ಬಿಲ್ಟಿ ಬರೆದಿಟ್ಟು, ಗೆಳೆಯರೊಡನೆ ಸಂಜೆಯೆಲ್ಲ ಸರಕು ಸಾಗಣೆಯನ್ನು ನಡೆಸುತ್ತಾನೆ.

ಮಾದರಿ ರೈಲಿನಲ್ಲಿಯೂ ಅದೇ ಕಥೆ

ಆಟಿಕೆಯ ಜಗತ್ತಿನಲ್ಲಿಯೂ ಹಿಂದೆ ಅದೇ ಗೊಂದಲವಿತ್ತು. ಒಬ್ಬರ ಬಂಡಿ ಇನ್ನೊಬ್ಬರ ಹಳಿಯ ಮೇಲೆ ನಿಲ್ಲುತ್ತಿರಲಿಲ್ಲ. 1935ರಲ್ಲಿ ಮಿಲ್ವಾಕಿ ನಗರದಲ್ಲಿ ಹವ್ಯಾಸಿಗಳೂ ತಯಾರಕರೂ ಸೇರಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಸ್ಥಾಪಿಸಿ ಹಳಿ ಮತ್ತು ಚಕ್ರಗಳ ಅಳತೆಗಳನ್ನು ನಿಗದಿಪಡಿಸಿದರು. ಅತ್ಯಂತ ಜನಪ್ರಿಯವಾದ ಎಚ್‌ಒ ಪ್ರಮಾಣದಲ್ಲಿ ಒಂದು ಅಡಿಗೆ 3.5 ಮಿಲಿಮೀಟರ್, ಹಳಿಯ ಅಂತರ 16.5 ಮಿಲಿಮೀಟರ್. 40 ಅಡಿಯ ಬಂಡಿ ಅಲ್ಲಿ 14 ಸೆಂಟಿಮೀಟರ್ ಆಗುತ್ತದೆ.

ಕೊಂಡಿಯ ಕಥೆಯೂ ಮರುಕಳಿಸಿತು. 1950ರ ದಶಕದಲ್ಲಿ ಸಂಘವು ರೂಪಿಸಿದ ಅಗ್ಗದ ಕೊಂಡಿಯನ್ನು ಬಹುತೇಕ ತಯಾರಕರು ಬಳಸಿದರೂ ಅದು ನೋಟಕ್ಕೆ ನಿಜವಾದ ಕೊಂಡಿಯನ್ನು ಹೋಲುತ್ತಿರಲಿಲ್ಲ. ಆರೆಗಾನ್ ರಾಜ್ಯದ ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಅವಳಿ ಸೋದರರು ತಮ್ಮ ಕೇಡೀ ಸಂಸ್ಥೆಯಿಂದ ಅಯಸ್ಕಾಂತದಿಂದ ಬಿಚ್ಚಿಕೊಳ್ಳುವ ಕೊಂಡಿಯನ್ನು ತಂದರು. ಗಂಭೀರ ಹವ್ಯಾಸಿಗಳು ಅದನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಿಕೊಂಡರು. 1990ರ ದಶಕದಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಇತರರೂ ಅದಕ್ಕೆ ಹೊಂದುವ ಕೊಂಡಿಗಳನ್ನು ತಯಾರಿಸಿದರು. ಆದರೂ ಕೇಡೀ ಸಂಸ್ಥೆಯ ವ್ಯಾಪಾರ ಮುಳುಗಲಿಲ್ಲ. ಮಾನಕವು ಎಲ್ಲರದಾದ ಮೇಲೆ ಗುಣಮಟ್ಟವೇ ಅವರ ರಕ್ಷಣೆಯಾಯಿತು.

ಅಚ್ಚಿನ ವೆಚ್ಚದ ಲೆಕ್ಕ

ಸಣ್ಣ ತಯಾರಕರಿಗೆ ಇಲ್ಲಿ ಇನ್ನೊಂದು ಪಾಠವಿದೆ. ಒಂದೇ ಮಾದರಿ ಬಂಡಿಯನ್ನು ಎರಡು ವಿಧದಲ್ಲಿ ಮಾಡಬಹುದು. ಉಕ್ಕಿನ ಅಚ್ಚಿನಲ್ಲಿ ಪ್ಲಾಸ್ಟಿಕ್ ಒತ್ತಿ ತೆಗೆಯುವುದು ಒಂದು. ರಬ್ಬರ್ ಅಚ್ಚಿನಲ್ಲಿ ರಾಳ ಸುರಿದು ಕೈಯಿಂದ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಸ್ಥಿರ ವೆಚ್ಚ ಅಪಾರ, ಬಿಡಿ ವೆಚ್ಚ ಅಲ್ಪ. ಎರಡನೆಯದರಲ್ಲಿ ಇದು ತಲೆಕೆಳಗು, ಏಕೆಂದರೆ ರಬ್ಬರ್ ಅಚ್ಚು ಬೇಗನೆ ಸವೆಯುತ್ತದೆ ಮತ್ತು ಕೈಕೆಲಸ ಹೆಚ್ಚು.

ಕೇವಲ ಉದಾಹರಣೆಗಾಗಿ, ಉಕ್ಕಿನ ಅಚ್ಚಿಗೆ 20 ಲಕ್ಷ ರೂಪಾಯಿ ಮತ್ತು ಪ್ರತಿ ಬಂಡಿಗೆ 150 ರೂಪಾಯಿ. ರಾಳದ ಮೂಲಮಾದರಿಗೆ 50 ಸಾವಿರ ರೂಪಾಯಿ ಮತ್ತು ಪ್ರತಿ ಬಂಡಿಗೆ ಅಚ್ಚಿನ ಸವಕಳಿಯೂ ಸೇರಿ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಸ್ಥಿರ ವೆಚ್ಚದ ವ್ಯತ್ಯಾಸ 19.50 ಲಕ್ಷ, ಬಿಡಿ ವೆಚ್ಚದ ವ್ಯತ್ಯಾಸ 650. ಭಾಗಿಸಿದರೆ 3,000 ಬಂಡಿಗಳು. ಅದಕ್ಕಿಂತ ಕಡಿಮೆ ಮಾರಾಟವಾಗುವ ವಸ್ತುವಿಗೆ ಕೈಕೆಲಸವೇ ಲಾಭದಾಯಕ. ಕೆಲವೇ ನೂರು ಗಿರಾಕಿಗಳಿರುವ ಅಪರೂಪದ ಬಂಡಿಗಳನ್ನು ರಾಳದಲ್ಲಿ ಮಾಡುವ ಸಣ್ಣ ಸಂಸ್ಥೆಗಳು ದೊಡ್ಡವರ ನಡುವೆ ಬದುಕಿದ್ದು ಈ ಲೆಕ್ಕದಿಂದಲೇ. ಉಕ್ಕಿನ ಅಚ್ಚು ಮಾಡಿಸಿದವರು ಅದೇ ಬಂಡಿಗೆ ಹತ್ತಾರು ಕಂಪನಿಗಳ ಬಣ್ಣ ಬಳಿದು ವೆಚ್ಚವನ್ನು ಹಂಚುತ್ತಾರೆ. ನಿಜವಾದ ಬಂಡಿಗಳು ಮಾನಕ ವಿನ್ಯಾಸದವಾಗಿದ್ದರಿಂದಲೇ ಇದು ಇತಿಹಾಸಕ್ಕೆ ಅಪಚಾರವಾಗದೆ ಸಾಧ್ಯವಾಯಿತು.

ವರ್ತಕರು ಗಮನಿಸಬೇಕಾದ ಅಂಶಗಳು

ಈ ಇತಿಹಾಸದಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದು, ಗಿರಾಕಿಯ ಕೈಯಲ್ಲಿರುವ ಗ್ಯಾಸ್ ಸಿಲಿಂಡರು, ಡ್ರಮ್ಮು, ಕ್ರೇಟು, ಗೋಣಿಚೀಲಗಳೂ ಪರರ ಹಳಿಯ ಮೇಲಿರುವ ಬಂಡಿಗಳೇ. ಅವುಗಳಿಗೆ ಸಂಖ್ಯೆಯಿಲ್ಲದಿದ್ದರೆ, ಹಿಂತಿರುಗಿಸುವ ಗಡುವು ಇಲ್ಲದಿದ್ದರೆ, ಗಡುವು ಮೀರಿದ ದಿನಕ್ಕೆ ದರವಿಲ್ಲದಿದ್ದರೆ, ಅವು ಆಸ್ತಿ ಪಟ್ಟಿಯಲ್ಲಿ ಮಾತ್ರ ಇರುತ್ತವೆ. ಎರಡನೆಯದು, ಬಾಡಿಗೆಯನ್ನು ಬಳಕೆಗೆ ವಿಧಿಸಬೇಕೋ ಕಾಲಕ್ಕೆ ವಿಧಿಸಬೇಕೋ ಎಂಬುದನ್ನು ಕರಾರಿಗೆ ಮೊದಲೇ ಯೋಚಿಸಬೇಕು. ದರವು ಹೇಗಿದೆಯೋ ಗಿರಾಕಿಯ ನಡತೆಯೂ ಹಾಗೆಯೇ ಇರುತ್ತದೆ. ಮೂರನೆಯದು, ಒಂದೇ ವಸ್ತುವನ್ನು ತಯಾರಿಸುವ ಸಣ್ಣ ಘಟಕಗಳು ಜೋಡಣೆಯ ಅಳತೆಗಳನ್ನಾದರೂ ಒಮ್ಮತದಿಂದ ನಿಗದಿಪಡಿಸಿಕೊಂಡರೆ ಎಲ್ಲರ ಮಾರುಕಟ್ಟೆಯೂ ಹಿಗ್ಗುತ್ತದೆ.

ಜಾನಿಯ ಪಕ್ಷವು ಬಿಟ್ಟುಕೊಟ್ಟದ್ದು ಕೊಂಡಿಯ ಮುಖದ ಆಕಾರವೊಂದನ್ನು ಮಾತ್ರ. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕವು ಲೆಕ್ಕಪುಸ್ತಕದಲ್ಲಿ ನಮೂದಾಗುವುದಿಲ್ಲ. ಆದರೆ ಅದರ ಫಲವು ವರ್ಷಾಂತ್ಯದ ಆಢಾವೆ ಪತ್ರಿಕೆಯಲ್ಲಿ ಕಂಡೇ ಕಾಣುತ್ತದೆ.